ಕಲಿಸದ ಆರು ವಾರ

ನಮ್ಮ ಭಾವ ಮ್ಯಾನೇಜರರ ಕೋಣೆಗೆ ಕಾರು ನುಗ್ಗಿಸಿದರು ಎಂದು ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಕಾರು ತಾನಾಗಿ ಹೋಯಿತು. ಭಾವ ಆಗ ಅದರಿಂದ ಇಳಿದು, ಹೊರಗೆ ನಿಂತು, ಹಳೇ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ನಾನು ಹತ್ತು ಅಡಿ ದೂರದಲ್ಲಿದ್ದೆ, ಕಣ್ಣಾರೆ ಕಂಡಿದ್ದೇನೆ. ಮುಂದಿನ ಚಕ್ರ ನೆಲದ ಸಣ್ಣ ಉಬ್ಬಿಗೆ ತಾಗಿ ಅರೆಗಳಿಗೆ ನಿಂತಿತ್ತು. ಆಮೇಲೆ ಅದನ್ನು ಹತ್ತಿ ಇಳಿದು, ಒಂದಿಷ್ಟೂ ಸದ್ದಿಲ್ಲದೆ, ಊಟ ಮುಗಿಸಿ ಅಡ್ಡಾಡಲು ಹೊರಟವರ ಹಾಗೆ ಗಾಜಿನ ಗೋಡೆಯ ಕಡೆ ಹೊರಟಿತು. ನಾನು "ಭಾವಾ!" ಎಂದು ಕೂಗುವಷ್ಟರಲ್ಲಿ ಗಾಜು ಪುಡಿಯಾಗಿ, ಮೇಜು ಹಿಂದಿನ ಗೋಡೆಗೆ ಒತ್ತಿಕೊಂಡಿತ್ತು. ಮ್ಯಾನೇಜರರು ತಮ್ಮ ಕುರ್ಚಿಯಲ್ಲಿ ಕೂರುವುದು ಅಪರೂಪ. ಅವತ್ತು ಆ ದುರಭ್ಯಾಸವೇ ಅವರ ಕಾಲು ಉಳಿಸಿತು.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ಕಿವಿ ಮೇಷ್ಟ್ರು ಎನ್ನುತ್ತಾರೆ. ನಮ್ಮ ಕಂಪನಿ ಅರವತ್ತು ವರ್ಷದಿಂದ ಪೆಟ್ರೋಲ್ ಕಾರು ಮಾಡುತ್ತ ಬಂದದ್ದು. ಜೋಡಿಸಿದ ಪ್ರತಿ ಇಂಜಿನ್ನನ್ನೂ ನಮ್ಮ ವಿಭಾಗದಲ್ಲಿ ಚಾಲೂ ಮಾಡಿ, ಉದ್ದನೆಯ ಉಕ್ಕಿನ ಸಲಾಕೆಯ ಒಂದು ತುದಿಯನ್ನು ಇಂಜಿನ್ನಿಗೆ, ಇನ್ನೊಂದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಕೇಳಬೇಕು. ಯಂತ್ರ ಸರಿ ಎಂದರೂ ಭಾವ ತಲೆ ಅಲ್ಲಾಡಿಸಿದರೆ ಇಂಜಿನ್ ವಾಪಸ್ಸು ಹೋಗುತ್ತಿತ್ತು. ಮೂವತ್ತೊಂದು ವರ್ಷ ಹಾಗೆ ನಡೆದಿದೆ. ನನಗೆ ಆ ಸಲಾಕೆ ಹಿಡಿಯಲು ಕಲಿಸಿದವರೂ ಅವರೇ. ಹತ್ತೊಂಬತ್ತು ವರ್ಷದ ಹಿಂದೆ ಇಂಜಿನ್ ವಿಭಾಗಕ್ಕೆ ಹೆಂಗಸು ಯಾಕೆ ಎಂದು ಹಲ್ಲು ಕಿರಿದವರಿಗೆ, "ಅವಳ ಕಿವಿಗೆ ಸೀರೆ ಉಡಿಸಿಲ್ಲ ಕಣ್ರೋ" ಎಂದಿದ್ದರು.

ಅಂಥ ಕಿವಿಗೆ ಸದ್ದಿಲ್ಲ ಎಂದರೆ ಒಂದೇ ಅರ್ಥ: ಇಂಜಿನ್ ನಿಂತಿದೆ. ನಿಂತ ಹಳೇ ಕಾರನ್ನು ಗೇರಿನಲ್ಲಿ ಬಿಟ್ಟು ಇಳಿದರೆ ಅದು ಬಂಡೆಯ ಹಾಗೆ ಕೂತಿರುತ್ತದೆ. ಅವತ್ತಿನದು ಕರೆಂಟಿನ ಕಾರು; ಅದು ಸದ್ದಿಲ್ಲದೆಯೂ ಎಚ್ಚರವಾಗಿರುತ್ತದೆ, ಬ್ರೇಕಿನಿಂದ ಕಾಲು ತೆಗೆದರೆ ಹೊರಟುಬಿಡುತ್ತದೆ ಎಂದು ಭಾವನಿಗೆ ಯಾರೂ ಹೇಳಿರಲಿಲ್ಲ. ಇಡೀ ಕಥೆ ಇಷ್ಟೇ. ಆದರೆ ಇಷ್ಟೇ ಎಂದು ಒಪ್ಪಲು ಕಂಪನಿಗೆ ಆಗಲಿಲ್ಲ, ಯಾಕೆಂದರೆ ಹೇಳಿದ್ದೇವೆ ಎಂದು ಅದು ಆಗಲೇ ಸರ್ಕಾರಕ್ಕೆ ಬರೆದು ಕೊಟ್ಟಿತ್ತು.

ಅದನ್ನೂ ಹೇಳಿಬಿಡುತ್ತೇನೆ. ಹಳೇ ಕಾರ್ಖಾನೆಗಳು ಎಲೆಕ್ಟ್ರಿಕ್ ಕಾರಿಗೆ ಬದಲಾದರೆ ಸರ್ಕಾರ ಕೈ ಹಿಡಿಯುತ್ತದೆ ಎಂದು ಎರಡು ವರ್ಷದ ಹಿಂದೆ ಹೊಸ ನೀತಿ ಬಂತು. ಅದರಲ್ಲಿ ಒಂದು ಷರತ್ತಿತ್ತು. ಹಳೇ ಕೆಲಸಗಾರರಿಗೆ ಆರು ವಾರ ಹೊಸ ಕೆಲಸ ಕಲಿಸಬೇಕು, ಕಲಿಸದೆ ಯಾರನ್ನೂ ತೆಗೆಯುವಂತಿಲ್ಲ. ಸರ್ಕಾರದವರು ಬರೆದದ್ದರಲ್ಲಿ ನಾನು ಎರಡು ಸಲ ಓದಿ ಖುಷಿಪಟ್ಟ ಸಾಲು ಅದೊಂದೇ. ಇಂಜಿನ್ ಹೋಗುತ್ತದೆ ಎಂದು ನಮ್ಮಲ್ಲಿ ಎಷ್ಟೋ ಜನ ಗೊಣಗಿದರು, ನಾನು ಗೊಣಗಲಿಲ್ಲ. ಹೊಗೆ ಕುಡಿದು ಕುಡಿದು ನನ್ನ ಎದೆಯೂ ಸೈಲೆನ್ಸರಿನ ಹಾಗಾಗಿದೆ. ಹೊಸದು ಬರಲಿ, ಧಾರಾಳವಾಗಿ ಬರಲಿ. ಆದರೆ ನಮಗೆ ಕಲಿಸಿ ಬರಲಿ.

ಕಂಪನಿ ಕಲಿಸಿದ್ದು ಒಂದು ಬೆಳಗ್ಗೆ. ನಮ್ಮ ವಿಭಾಗದ ನಲವತ್ನಾಲ್ಕು ಜನರನ್ನು ಹಾಲ್‌ನಲ್ಲಿ ಕೂರಿಸಿ, ಪರದೆಯ ಮೇಲೆ ಚಿತ್ರ ತೋರಿಸಿ, ಕಿತ್ತಳೆ ಬಣ್ಣದ ತಂತಿ ಮುಟ್ಟಬೇಡಿ ಎಂದರು. ಆಮೇಲೆ ಬಿಸ್ಕತ್ತು ಕೊಟ್ಟರು. ಬಿಸ್ಕತ್ತಿನ ಹಿಂದೆಯೇ ಒಂದು ಹಾಳೆ ಬಂತು. "ಆರು ವಾರಗಳ ತರಬೇತಿಯನ್ನು ತೃಪ್ತಿಕರವಾಗಿ ಪಡೆದಿದ್ದೇನೆ." ಓದದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಮದುವೆ ರಿಜಿಸ್ಟರಿನಲ್ಲಿ ಒಮ್ಮೆ ಹಾಕಿ ಬುದ್ಧಿ ಕಲಿತಿದ್ದೇನೆ. ನಲವತ್ತಮೂರು ಜನ ಹಾಕಿದರು, ನಾನು ಹಾಕಲಿಲ್ಲ. "ಇವಳದ್ದು ಯಾವಾಗಲೂ ಒಂದು ರಾಗ" ಎಂದು ಪಕ್ಕದಲ್ಲಿದ್ದ ಬೋಳು ತಲೆಯ ಫಿಟ್ಟರ್ ನನ್ನ ಪಾಲಿನ ಬಿಸ್ಕತ್ತನ್ನೂ ತಿಂದ. ಭಾವ ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದರು. ಎಲ್ಲರೂ ಹಾಕಿದಲ್ಲಿ ತಾವೂ ಹಾಕಿದರು.

ಈಗ ಆ ಸಹಿಯೇ ಅವರ ಕುತ್ತಿಗೆಗೆ ಬಂತು. ಗಾಜು ಒಡೆದ ಮೂರನೇ ದಿನ ನೋಟೀಸು ಬಂದಿತು: ಪೂರ್ಣ ತರಬೇತಿ ಪಡೆದೂ ನಿರ್ಲಕ್ಷ್ಯ ತೋರಿದ್ದೀರಿ, ಕೆಲಸದಿಂದ ಯಾಕೆ ವಜಾ ಮಾಡಬಾರದು? ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಮನುಷ್ಯನನ್ನು ಗೇಟಿನ ಹೊರಗೆ ನಿಲ್ಲಿಸಿದರು. ಮ್ಯಾನೇಜರರು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ಹಳಬರಿಗೆ ಹೊಸದು ತಲೆಗೆ ಹತ್ತಲ್ಲ, ಅಷ್ಟೇ" ಎಂದರು. ಅನ್ನದ ತಟ್ಟೆ ಅವರ ತಲೆಯ ಮೇಲೆ ಮಗುಚಬೇಕು ಎನ್ನಿಸಿತು. ಮಗುಚಲಿಲ್ಲ, ಅದಕ್ಕೆ ಈಗಲೂ ಬೇಜಾರಿದೆ.

ಅವತ್ತು ಮಧ್ಯಾಹ್ನ ಸಿಬ್ಬಂದಿ ಅಧಿಕಾರಿ ನನ್ನನ್ನು ಕರೆಸಿದರು. ಈ ಮನುಷ್ಯನಿಗೆ ನಾವು ಇಟ್ಟ ಹೆಸರು ಬೆಲ್ಲದ ಬಾಯಿ. ಕುರ್ಚಿ ಕೊಟ್ಟರು, ಫ್ಯಾನು ಜೋರು ಮಾಡಿದರು. ಆಗಲೇ ಏನೋ ಇದೆ ಎಂದುಕೊಂಡೆ.

"ನೋಡಮ್ಮ, ನಾಳಿದ್ದು ಸರ್ಕಾರದ ಅಧಿಕಾರಿ ಬರ್ತಾರೆ, ತರಬೇತಿ ಪರಿಶೀಲನೆಗೆ. ನಲವತ್ನಾಲ್ಕರಲ್ಲಿ ನಿಮ್ಮದೊಂದೇ ಸಹಿ ಬಾಕಿ. ಹಾಕಿಬಿಡಿ. ನಿಮ್ಮ ಭಾವನ ವಿಷಯ ನಾನು ನೋಡ್ಕೋತೀನಿ. ವಜಾ ಅಂತ ಬೇಡ, ಅವರಾಗೇ ಬಿಟ್ಟರು ಅಂತ ಮಾಡೋಣ. ಹಾರ ಹಾಕಿ, ಗೌರವವಾಗಿ ಕಳಿಸೋಣ."

"ತಪ್ಪು ಒಪ್ಕೋಬೇಕಾ ಅವರು?"

"ಒಂದು ಸಣ್ಣ ಪತ್ರ. ಫಾರ್ಮಾಲಿಟಿ."

"ಯೋಚನೆ ಮಾಡ್ತೀನಿ" ಎಂದು ಎದ್ದು ಬಂದೆ. ಸುಳ್ಳು ಹೇಳುವುದಿಲ್ಲ, ಯೋಚನೆ ಮಾಡಿದೆ. ನನ್ನ ಒಂದು ಗೀಚು ಭಾವನಿಗೆ ಹಾರ ತರುತ್ತದೆ ಎಂದರೆ ಯಾರಾದರೂ ಪೆನ್ನು ಹುಡುಕುತ್ತಾರೆ.

ಸಂಜೆ ಅಕ್ಕನ ಮನೆಗೆ ಹೋದೆ. ಅಕ್ಕ ಒಲೆಯ ಮುಂದೆ, ಭಾವ ಅಡುಗೆಮನೆಯ ಹೊಸ್ತಿಲ ಹತ್ತಿರ ಸ್ಟೂಲಿನ ಮೇಲೆ. ಅಕ್ಕ ಮಿಕ್ಸಿ ಹಾಕಿದರೆ ಬೇರಿಂಗು ಸವೆದಿದೆ ಎಂದು ಪ್ರತಿದಿನ ಹೇಳುತ್ತಿದ್ದ ಮನುಷ್ಯ, ಅವತ್ತು ಅದು ಗೊರಗೊರ ಎನ್ನುತ್ತಿದ್ದರೂ ತಲೆ ಎತ್ತಲಿಲ್ಲ. ನಾನು ವಿಷಯ ಹೇಳಿದೆ. ಅಕ್ಕ ಸೌಟು ಕೆಳಗಿಟ್ಟಳು.

"ಹಾಕೇ. ನಿನ್ನ ಗಂಟೇನು ಹೋಗುತ್ತೆ? ಮೂರು ದಿನದಿಂದ ಇವರು ಸರಿಯಾಗಿ ಊಟ ಮಾಡಿಲ್ಲ. ವಜಾ ಅನ್ನೋ ಪದ ಇವರ ಹೆಸರಿನ ಮುಂದೆ ಬರಬಾರದು ಕಣೇ."

"ಹಾಕು" ಎಂದರು ಭಾವ, ನೆಲ ನೋಡುತ್ತ. "ತಪ್ಪು ನಂದೇ. ಕಾರಲ್ಲಿದ್ದೋನು ನಾನು. ನಿನಗ್ಯಾಕೆ ಈ ರಗಳೆ?"

ನನಗೆ ನೆತ್ತಿ ಉರಿಯಿತು. "ನೀವು ನನಗೆ ಸಲಾಕೆ ಕೊಡೋ ಮುಂಚೆ ಎಷ್ಟು ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡ್ರಿ ಭಾವ?"

"ಮೂರು ತಿಂಗಳು."

"ಆ ಮೂರು ತಿಂಗಳಲ್ಲಿ ನಾನು ಕೆಟ್ಟ ಇಂಜಿನ್ನನ್ನ ಒಳ್ಳೇದು ಅಂದಾಗ ತಪ್ಪು ಯಾರದ್ದು ಅಂತಿದ್ರಿ?"

ಉತ್ತರ ನಮ್ಮಿಬ್ಬರಿಗೂ ಗೊತ್ತಿತ್ತು. ಕಲಿಯುವವರ ತಪ್ಪು ಕಲಿಸುವವನದ್ದು ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅಕ್ಕ ನನ್ನ ಮೇಲೆ ರೇಗಿದಳು, ಮೊಂಡುತನ ಮಾಡಿ ಇವರ ಹೊಟ್ಟೆಗೆ ಕಲ್ಲು ಹಾಕಬೇಡ ಎಂದಳು. ನಾನೂ ರೇಗಿ, ಊಟ ಮಾಡದೆ ಎದ್ದು ಬಂದೆ. ಬಸ್ಸಿನಲ್ಲಿ ಅತ್ತುಕೊಂಡೆ. ಕೋಪಕ್ಕೂ ಅಳು ಬರುತ್ತದೆ, ಅದನ್ನು ಯಾರೂ ನಂಬುವುದಿಲ್ಲ.

ಪರಿಶೀಲನೆಯ ದಿನ ವಿಭಾಗವನ್ನು ತೊಳೆದಿಟ್ಟಿದ್ದರು. ನಡುವೆ ಹೊಸ ಬಿಳಿ ಕಾರು. ಸರ್ಕಾರದಿಂದ ಬಂದಾಕೆ ನನ್ನ ವಯಸ್ಸಿನವರೇ, ಹೆಗಲಿಗೆ ಬಟ್ಟೆಯ ಚೀಲ, ಕಾಲಲ್ಲಿ ಸವೆದ ಚಪ್ಪಲಿ. ಮ್ಯಾನೇಜರರು ಫೈಲು ತೋರಿಸುತ್ತ, ನಗುತ್ತ, ಆಕೆಯನ್ನು ಕಾರಿನ ಮೂತಿಯ ಎದುರಿಗೇ ತಂದು ನಿಲ್ಲಿಸಿದರು. ನಾವು ಸಾಲಾಗಿ ನಿಂತಿದ್ದೆವು.

"ಇಲ್ಲಿ ನಲವತ್ಮೂರು ಸಹಿ ಇದೆ. ಒಬ್ಬರದ್ದು ಇಲ್ವಲ್ಲ?"

"ನಂದು ಮೇಡಂ. ನನಗೆ ಆರು ವಾರ ಕಲಿಸಿಲ್ಲ. ಒಂದು ಬೆಳಗ್ಗೆ ಕಲಿಸಿದ್ರು."

ಮ್ಯಾನೇಜರರ ನಗು ಹುಳ್ಳಗಾಯಿತು. "ಇವರ ಭಾವನ ಮೇಲೆ ಶಿಸ್ತಿನ ಕ್ರಮ ಆಗಿದೆ ಮೇಡಂ. ಆ ಸಿಟ್ಟು."

"ಮಿಕ್ಕವರಿಗೆ?" ಆಕೆ ಸಾಲಿನ ಕಡೆ ನೋಡಿದರು. ನಲವತ್ತೆರಡು ಜನ ಬಾಯಿಗೆ ಬೀಗ ಹಾಕಿಕೊಂಡು ನಿಂತರು. ಬೋಳು ತಲೆಯ ಫಿಟ್ಟರ್ ತನ್ನ ಬೂಟಿನ ದಾರವನ್ನು ಅದೇ ಮೊದಲ ಸಲ ಕಂಡವನಂತೆ ನೋಡಿದ. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ.

"ಒಬ್ಬರು ಒಂದು ಹೇಳ್ತೀರಿ, ನಲವತ್ಮೂರು ಸಹಿ ಇನ್ನೊಂದು ಹೇಳುತ್ತೆ. ನಾನೇನು ಮಾಡ್ಲಿ?" ಎಂದರು ಆಕೆ.

ಗಾಜು ಒಡೆದ ದಿನದಿಂದ ಊಟದ ಬಿಡುವಿನಲ್ಲಿ ನಾನು ಕಾರಿನ ಕೈಪಿಡಿ ಓದುತ್ತಿದ್ದೆ. ನಿಂತಲ್ಲಿಂದಲೇ ಕಿಟಕಿಯೊಳಗೆ ನೋಡಿದೆ. ಮಾತಿಗೆ ಮುಂಚೆ ಓಡಿಹೋಗಿ ಗೋಡೆ ಪಕ್ಕದ ಮರದ ದಿಮ್ಮಿಗಳನ್ನು ತಂದು ಮುಂದಿನ ಎರಡು ಚಕ್ರಕ್ಕೂ ಒದ್ದು ಕೂರಿಸಿದೆ.

"ಏನಮ್ಮ ಇದು?" ಮ್ಯಾನೇಜರರು ಗುಡುಗಿದರು.

"ಮೇಡಂ, ಒಂದೇ ಪ್ರಶ್ನೆ ಕೇಳಿ ಇವರನ್ನ. ಈ ಕಾರು ಈಗ ಆನ್ ಇದೆಯೋ, ಆಫ್ ಇದೆಯೋ?"

ಆಕೆ ಫಿಟ್ಟರನ್ನು ಕರೆದರು. ಅವನು ಬಂದ. ಬಂದು ಏನು ಮಾಡಿದ ಎನ್ನುತ್ತೀರಿ? ಬಾನೆಟ್ಟಿನ ಮೇಲೆ ಅಂಗೈ ಇಟ್ಟ, ತಲೆ ಓರೆ ಮಾಡಿದ, ಕಿವಿಗೊಟ್ಟ. ಇಪ್ಪತ್ತಾರು ವರ್ಷದ ಅಭ್ಯಾಸ ಅದು. ಸಾಲಿನಲ್ಲಿದ್ದವರೂ ತಿಳಿಯದೆಯೇ ಕತ್ತು ಚಾಚಿದರು. ಇಡೀ ವಿಭಾಗ ಒಂದು ಮೂಕ ಕಾರಿಗೆ ಕಿವಿಗೊಟ್ಟು ನಿಂತಿತು.

"ನೀವು ಹೇಳಿ" ಎಂದು ಆಕೆ ಮ್ಯಾನೇಜರರ ಕಡೆ ತಿರುಗಿದರು.

"ಆಫ್ ಇದೆ ಮೇಡಂ. ಸದ್ದೇ ಇಲ್ವಲ್ಲ!"

ನಾನು ನಗಲಿಲ್ಲ, ನನ್ನಾಣೆ. ಕಿಟಕಿಯ ಮೂಲಕ ಸ್ಟಿಯರಿಂಗಿನ ಹಿಂದಿನ ಪರದೆಯ ಮೂಲೆಯಲ್ಲಿದ್ದ ಸಣ್ಣ ಹಸಿರು ಗುರುತನ್ನು ಬೆರಳಲ್ಲಿ ತೋರಿಸಿದೆ. "ಆನ್ ಇದೆ. ತಂದು ನಿಲ್ಲಿಸಿದೋರು ಹ್ಯಾಂಡ್‌ಬ್ರೇಕ್ ಹಾಕಿ ಹಾಗೇ ಹೋಗಿದಾರೆ. ಯಾರಾದ್ರೂ ಒಳಗೆ ಕೈಯಾಡಿಸಿದ್ರೆ ನಿಮ್ಮ ಮೇಲೇ ಬರ್ತಿತ್ತು ಮೇಡಂ. ನಮ್ಮ ಭಾವ ಇದೇ ತಪ್ಪು ಮಾಡಿದ್ದು. ಅವರಿಗೆ ವಜಾ ನೋಟೀಸು. ಈಗ ಸಾಹೇಬರೂ ಅದನ್ನೇ ಮಾಡಿದ್ರು. ಇವರಿಗೇನು?"

ಆಕೆ ಮೆಲ್ಲಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಫಿಟ್ಟರ್ ಬಾನೆಟ್ಟಿನಿಂದ ಕೈ ತೆಗೆದು, "ಒಂದೇ ಬೆಳಗ್ಗೆ ಮೇಡಂ. ನಾನೂ ಸುಳ್ಳು ಸಹಿ ಹಾಕಿದೀನಿ" ಎಂದ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಆಕೆ ಬರೆದುಕೊಂಡರು, ತುಂಬಾ ಹೊತ್ತು ಬರೆದುಕೊಂಡರು. ಆರು ವಾರ ಕಲಿಸಿ ಮುಗಿಸುವವರೆಗೆ ಸರ್ಕಾರದ ಸಹಾಯ ಬರುವುದಿಲ್ಲ ಎಂದು ಹೇಳಿ ಹೋದರು. ಕಂಪನಿಯ ಅನ್ನಕ್ಕೆ ಮಣ್ಣು ಹಾಕಿದೆ ಎಂದು ನನಗೆ ಅವತ್ತೇ ನಾಲ್ಕು ಜನ ಬೈದರು. ಬೈಯಲಿ. ಅವರಿಗೂ ಕಲಿಸುತ್ತಾರಲ್ಲ.

ಆದರೂ ಭಾವನ ವಿಚಾರಣೆಯನ್ನು ಮ್ಯಾನೇಜರರು ಬಿಡಲಿಲ್ಲ. ಅವರಿಗೆ ಅದೊಂದು ಗೆಲುವಾದರೂ ಬೇಕಿತ್ತು. ಭಾವ ತಾವಾಗಿಯೇ ತಪ್ಪು ಒಪ್ಪಿಬಿಟ್ಟರೆ ಯಾವ ನೀತಿಯೂ ಅಡ್ಡ ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅದಕ್ಕೇ ಭಯವಾಯಿತು, ಯಾಕೆಂದರೆ ಭಾವ ಒಪ್ಪುವ ಮನುಷ್ಯ.

ಸೋಮವಾರ ಅವರು ವಿಚಾರಣೆಗೆ ಬಂದರು. ಅಕ್ಕ ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಕನ್ನಡಕದ ಡಬ್ಬಿ. ಸಾಕ್ಷಿಯೆಂದು ನನ್ನನ್ನೂ ಕೂರಿಸಿದ್ದರು. ಬೆಲ್ಲದ ಬಾಯಿ ಮೇಜಿನ ಮೇಲೆ ನಾಲ್ಕು ಪುಟದ ಪತ್ರವನ್ನೂ ಪೆನ್ನನ್ನೂ ಇಟ್ಟರು. "ಕೊನೇ ಪುಟದಲ್ಲಿ ಒಂದು ಸಹಿ, ಮೇಷ್ಟ್ರೇ. ಮುಗೀತು."

ಭಾವ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡರು. ಮೊದಲ ಪುಟದಿಂದ ಓದತೊಡಗಿದರು. ತುಟಿ ಅಲ್ಲಾಡಿಸುತ್ತ, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಸಾಲು. ಮ್ಯಾನೇಜರರು ಗಡಿಯಾರ ನೋಡಿದರು, ಕೆಮ್ಮಿದರು, ಎದ್ದು ಕೂತರು. ಭಾವ ಎರಡನೇ ಪುಟಕ್ಕೆ ಹೋದರು. ಅರ್ಧ ಗಂಟೆ ಆ ಕೋಣೆಯಲ್ಲಿ ಹಾಳೆ ತಿರುವುವ ಸದ್ದು ಬಿಟ್ಟು ಬೇರೇನಿರಲಿಲ್ಲ.

ನಾಲ್ಕನೇ ಪುಟ ಮುಗಿಸಿ ಅವರು ಪತ್ರವನ್ನು ಮೇಜಿನ ಆ ಕಡೆಗೆ ನೂಕಿದರು.

"ಇದರಲ್ಲಿ ನಾನು ತರಬೇತಿ ಪಡೆದೋನು ಅಂತ ಮೂರು ಕಡೆ ಬರೆದಿದೀರಿ. ನಾನು ಪಡೆದಿಲ್ಲ. ಅವತ್ತು ಓದದೆ ಸಹಿ ಹಾಕಿದ್ದು ನನ್ನ ತಪ್ಪು. ಅದಕ್ಕೆ ಬೇಕಾದ್ರೆ ಬೈರಿ, ಕೇಳ್ತೀನಿ. ಕಾರು ಹೋಗಿದ್ದಕ್ಕೆ ಒಪ್ಪಲ್ಲ."

"ಮೇಷ್ಟ್ರೇ, ಎರಡು ವರ್ಷ ಉಳಿದಿದೆ ನಿಮಗೆ. ಈಗ ಕಲಿತು ಏನು ಮಾಡ್ತೀರಿ?" ಎಂದರು ಮ್ಯಾನೇಜರರು.

"ಎರಡು ವರ್ಷ ಕೆಲಸ ಮಾಡ್ತೀನಿ."

ಕನ್ನಡಕವನ್ನು ಮೂಗಿನ ಮೇಲೆಯೇ ಬಿಟ್ಟು ಅವರು ಎದ್ದರು. ಹೋಗಿ ಎಂದು ಯಾರೂ ಹೇಳಿರಲಿಲ್ಲ. ನಾನೂ ಹಿಂದೆಯೇ ಹೊರಟೆ. ಗೇಟಿನ ಕಡೆ ಹೋಗುತ್ತಾರೆ ಎಂದುಕೊಂಡರೆ ಅವರು ಎಡಕ್ಕೆ ತಿರುಗಿ ತರಬೇತಿಯ ಹಾಲ್‌ಗೆ ನಡೆದರು. ಒಳಗೆ ದೀಪವಿರಲಿಲ್ಲ, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವರು ಒಂದನ್ನು ಎಳೆದು ಮೊದಲ ಸಾಲು ಇರಬೇಕಾದಲ್ಲಿ ಹಾಕಿಕೊಂಡು ಕೂತರು. ನನಗೂ ಒಂದನ್ನು ಪಕ್ಕಕ್ಕೆ ಎಳೆದರು.

"ಪಾಠ ಮುಂದಿನ ವಾರ ಶುರು ಭಾವ" ಎಂದೆ.

"ಗೊತ್ತು. ಕಲಿಸೋರು ಬರೋವರೆಗೂ ನಾನು ಇಲ್ಲಿಂದ ಏಳಲ್ಲ ಅಂತ ಹೋಗಿ ಅವರಿಗೆ ಹೇಳು."