ಹಲಗೆಯ ಬೆನ್ನು

ಮರದ ಹಲಗೆಯ ಮೇಲೆ ಬರೆದ ಐದನೆಯ ಚಿತ್ರವನ್ನು ಮೊಳೆಯಿಂದ ಇಳಿಸಿ, ಮುಖವನ್ನು ಗೋಡೆಯತ್ತ ತಿರುಗಿಸಿ ಮತ್ತೆ ತೂಗುಹಾಕುವಾಗ ಹಿಲ್ಲೆಯ ಕೈ ತಡೆಯಿತು. ಸಾವಿನ ಮನೆಯಲ್ಲಿ ಕನ್ನಡಿಯಾಗಲಿ ಚಿತ್ರವಾಗಲಿ ಮುಖ ತೋರಬಾರದು. ಬೆಳಗಿನಿಂದ ಅವಳು ಅದೇ ಕೆಲಸದಲ್ಲಿದ್ದಳು. ಒಲೆಯ ಮೇಲೆ ಬಂದವರಿಗಾಗಿ ಜಾಯಿಕಾಯಿ ಹಾಕಿದ ಬಿಯರ್ ಕಾಯುತ್ತಿತ್ತು. ಓಡಿಹೋಗಿ ಅದನ್ನು ಕದಡುವುದು, ಓಡಿಬಂದು ಇನ್ನೊಂದು ಚಿತ್ರ ತಿರುಗಿಸುವುದು. ಈ ಓಡಾಟದಲ್ಲಿ ಹಲಗೆಗಳ ಹಿಂಬದಿಯನ್ನು ಅವಳು ಸರಿಯಾಗಿ ನೋಡಿರಲೇ ಇಲ್ಲ.

ಈಗ ನೋಡಿದಳು. ಬರಿಯ ಮರದ ಮೇಲೆ ಇದ್ದಿಲಿನಲ್ಲಿ ಬರೆದ, ಹೆಬ್ಬೆರಳಿನಷ್ಟೇ ಎತ್ತರದ ಜನ. ಬುಟ್ಟಿ ಹೊತ್ತವರು, ಕೋಲೂರಿದವರು, ಮಗುವಿನ ಕೈ ಹಿಡಿದವರು. ಹೆಚ್ಚುಕಡಿಮೆ ಎಲ್ಲರೂ ಬೆನ್ನು ಹಾಕಿ ನಡೆಯುತ್ತಿದ್ದರು. ಮಿಕ್ಕ ನಾಲ್ಕು ಹಲಗೆಗಳ ಮೇಲೂ ಅವರೇ.

"ಅಯ್ಯೋ, ಇದೇನೇ ಇದು!" ಎಂದು ತ್ರೈನತ್ತೆ ಬಾಗಿಲಲ್ಲೇ ನಿಂತಳು. ಹಿಲ್ಲೆಯ ಅಪ್ಪ, ಸತ್ತ ಏವೌಟನ ಅಕ್ಕ ಅವಳು. "ಮುಚ್ಚೇ ಅದನ್ನ. ಹೆಣ ಇರೋ ಮನೇಲಿ ಚಿತ್ರ ತೋರಿಸ್ತಾರಾ ಯಾರಾದ್ರೂ?"

"ಚಿತ್ರ ಗೋಡೆ ಕಡೆ ಇದೆಯಲ್ಲ ಅತ್ತೆ. ಇದು ಹಲಗೆ ಬೆನ್ನು."

"ಬೆನ್ನ ಮೇಲೆ ಸಂತೆ ಸೇರಿದೆ ಕಣೇ!"

"ಸೇರ್ಲಿ ಬಿಡಿ. ಅಪ್ಪನ್ನ ಕಳಿಸೋಕೆ ಜನ ಬೇಕಲ್ಲ."

ಜನ ಬೇಕೇ ಆಗಿತ್ತು. ಶವಪೆಟ್ಟಿಗೆ ಹೊರಲು ಎಂಟು ಹೆಗಲು ಬೇಕು; ಕೇರಿಯಿಂದ ಏಳು ಸಿಕ್ಕಿದ್ದವು. ಎಂಟನೆಯದಕ್ಕೆ ತನ್ನ ಭಾವಮೈದುನನನ್ನು ಕರೆಯುತ್ತೇನೆಂದು ಪಕ್ಕದ ಮನೆಯ ರೊಟ್ಟಿ ಸುಡುವ ಯೋಸ್ಟ್ ಎರಡು ಸಲ ಹೇಳಿದ್ದ. ಹಿಲ್ಲೆ ಬೇಡವೆಂದಿದ್ದಳು. ಆ ಹೆಗಲು ಚಿತ್ರಕಾರ ರೂಲೊಫ್ ಯಜಮಾನರದೇ ಆಗಬೇಕು. ಈ ಹಾರ್ಲೆಮ್ ಊರಿನಲ್ಲಿ ಬಡಗಿಗೆ ಬಡಗಿ, ನೇಕಾರನಿಗೆ ನೇಕಾರ ಹೆಗಲು ಕೊಡುತ್ತಾರೆ. ಮೂವತ್ತೊಂದು ವರ್ಷ ಜೊತೆಗೆ ದುಡಿದವರು ಬಾರದೆ ಹೋದರೆ ಅಪ್ಪ ಏನೂ ಕೆಲಸ ಮಾಡದೆ ಸತ್ತಂತೆ.

ಆದರೆ ರೂಲೊಫ್ ಯಜಮಾನರ ಸುದ್ದಿಯೇ ಇರಲಿಲ್ಲ.

*

ಮರಳುದಿಬ್ಬ, ದಾರಿ, ಮುಕ್ಕಾಲು ಪಾಲು ಮೋಡ. ಅಷ್ಟನ್ನು ರೂಲೊಫ್ ಬರೆದು ಕಳಿಸುತ್ತಿದ್ದರು. ದಾರಿ ಖಾಲಿಯಾಗಿ ಬರುತ್ತಿತ್ತು. ಏವೌಟ್ ಅದರ ಮೇಲೆ ಜನರನ್ನು ಬರೆದು ಹಿಂದಿರುಗಿಸುತ್ತಿದ್ದ. ಬುಡದಲ್ಲಿ ಹೆಸರು ರೂಲೊಫ್‌ರದು. ಮಾರಾಟವಾಗದ್ದು, ಬಿರುಕು ಬಿಟ್ಟದ್ದು ಏವೌಟನ ಗೋಡೆಗೆ ಬರುತ್ತಿತ್ತು.

"ಈ ಊರಲ್ಲಿ ಒಬ್ಬ ಬರೀ ಮೀನು ಬರೀತಾನೆ, ಇನ್ನೊಬ್ಬ ಬರೀ ನಿಂಬೆಹಣ್ಣು, ಮತ್ತೊಬ್ಬ ದನ. ನಮ್ಮ ಏವೌಟ್ ಬರೀ ಬೆನ್ನು" ಎಂದು ತ್ರೈನತ್ತೆ ಕಿಚಾಯಿಸಿದರೆ ಏವೌಟ್ ತಾನೂ ನಗುತ್ತಿದ್ದ.

ಏಳು ವರ್ಷದ ಹಿಲ್ಲೆ ಒಮ್ಮೆ ಅವನ ಮೊಣಕೈಗೆ ಜೋತುಬಿದ್ದು ಕೇಳಿದ್ದಳು. "ಎಲ್ರೂ ಆ ಕಡೆ ಹೋಗ್ತಿದಾರೆ. ಇವನೊಬ್ಬ ಯಾಕಪ್ಪಾ ಈ ಕಡೆ ನೋಡ್ತಿದಾನೆ?"

"ಮನೇಲಿ ಯಾರನ್ನೋ ಬಿಟ್ಟು ಹೊರಟಿದಾನೆ ಪುಟ್ಟಿ. ಒಂದ್ಸಲ ತಿರುಗಿ ನೋಡ್ದೆ ಹೋಗ್ತಾನಾ?"

ಕುಂಚದ ತುದಿಯಲ್ಲಿ ಚೂರು ಕೆಂಪು ತೆಗೆದುಕೊಂಡು ಆ ಮನುಷ್ಯನಿಗೆ ಮುಟ್ಟಿಸಿದ್ದ. ಅಷ್ಟು ದೊಡ್ಡ ಮೋಡದ ಕೆಳಗೆ ಕಣ್ಣು ನೇರವಾಗಿ ಅಲ್ಲಿಗೇ ಹೋಗಿತ್ತು.

*

ಪೆಟ್ಟಿಗೆ ಮುಚ್ಚುವ ಹೊತ್ತಿಗೆ ರೂಲೊಫ್ ಬಂದರು. ಕಪ್ಪು ನಿಲುವಂಗಿ, ಕೈಯಲ್ಲಿ ಟೋಪಿ. ಏವೌಟನ ಪಾದದ ಬಳಿ ತಲೆ ತಗ್ಗಿಸಿ ನಿಂತರು. ಆಮೇಲೆ ಹಿಲ್ಲೆಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಕಳೆದ ತಿಂಗಳು ಒಂದು ಹಲಗೆ ಕಳಿಸಿದ್ದೆ..." ಎಂದರು.

"ಹೆಣ ನೋಡೋಕೆ ಬಂದ್ರೋ, ಹಲಗೆ ಒಯ್ಯೋಕೋ?" ಎಂದಳು ತ್ರೈನತ್ತೆ, ದನಿ ತಗ್ಗಿಸದೆ.

"ಅತ್ತೆ, ಸುಮ್ನಿರಿ. ಮೇಲಿದೆ ಯಜಮಾನ್ರೇ, ದಾರಿ ಖಾಲಿ ಇದೆ. ತಗೊಂಡು ಹೋಗಿ." ಹಿಲ್ಲೆ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಅಪ್ಪನಿಗೆ ಒಂದು ಹೆಗಲು ಕಡಿಮೆ ಇದೆ."

ರೂಲೊಫ್ ಟೋಪಿಯ ಅಂಚನ್ನು ತಿರುವತೊಡಗಿದರು. "ನಾನು ಹೊತ್ರೆ ಊರು ಕೇಳುತ್ತಲ್ಲಮ್ಮ, ಅವನು ನಿಮಗೇನಾಗ್ಬೇಕು ಅಂತ."

"ಇದ್ದದ್ದು ಹೇಳಿ."

ರೂಲೊಫ್ ಅವಳ ಕಣ್ಣು ತಪ್ಪಿಸಲು ಗೋಡೆಯತ್ತ ತಿರುಗಿದರು. ಅಲ್ಲೇ ನಿಂತುಬಿಟ್ಟರು. ಹತ್ತಿರ ಹೋದರು. ತಿರುಗಿ ನೋಡುವ ಮನುಷ್ಯ ಒಂದೇ ಹಲಗೆಯ ಮೇಲೆ ಇಪ್ಪತ್ತು ಇಪ್ಪತ್ತೈದು ಸಲ ಇದ್ದ. ಕತ್ತು ಇಷ್ಟೇ ಇಷ್ಟು ಹೊರಳಿದ್ದು, ಅದನ್ನು ಬೆರಳಲ್ಲಿ ಉಜ್ಜಿ ಅಳಿಸಿ ಮತ್ತೆ ಬರೆದದ್ದು, ಮತ್ತೆ ಅಳಿಸಿದ್ದು.

"ಇವನೊಬ್ಬನಿಗೆ ಇಷ್ಟೊಂದಾ?" ಎಂದು ಅವರು ತಮ್ಮಷ್ಟಕ್ಕೆ ಅಂದುಕೊಂಡರು. "ಒಂದೇ ಏಟಿಗೆ ಹಾಕ್ತಾನೆ ಅಂದ್ಕೊಂಡಿದ್ದೆ."

ಯೋಸ್ಟ್ ಬಿಯರ್ ಲೋಟ ಹಿಡಿದು ಪಕ್ಕಕ್ಕೆ ಬಂದು ಬಗ್ಗಿ ನೋಡಿದ. "ಅರೆ, ಇವನು ನಮ್ಮನೇಲೂ ಇದಾನೆ! ನಮ್ಮಪ್ಪ ನಿಮ್ಮ ಹತ್ರ ಕೊಂಡ ಚಿತ್ರದಲ್ಲಿ. ದಿನಾ ಹಿಟ್ಟು ನಾದೋವಾಗ ನನ್ನನ್ನೇ ನೋಡ್ತಿರ್ತಾನೆ. ನಿಮ್ಮ ಕೈಯದಲ್ವಾ ಯಜಮಾನ್ರೇ?"

ಒಲೆಯ ಮೇಲಿನ ಬಿಯರ್ ಉಕ್ಕುವ ಸದ್ದಾದರೂ ಹಿಲ್ಲೆ ಕದಲಲಿಲ್ಲ.

ರೂಲೊಫ್ ಹಲಗೆಯಿಂದ ಹಿಂದೆ ಸರಿದರು. "ಅಲ್ಲ. ಇವನ ಕೈಯದು." ಪೆಟ್ಟಿಗೆಯತ್ತ ನೋಡಿದರು. "ಎಲ್ಲವೂ ಇವನ ಕೈಯದೇ. ನನಗೆ ಮನುಷ್ಯರನ್ನ ಬರೆಯೋಕೆ ಬರಲ್ಲ."

ಟೋಪಿಯನ್ನು ಹಿಲ್ಲೆಯ ಕೈಗೆ ಕೊಟ್ಟು, ಪೆಟ್ಟಿಗೆಯ ಹಿಂದಿನ ಎಡಮೂಲೆಗೆ ಹೋಗಿ ನಿಂತು ಹೆಗಲು ಬಾಗಿಸಿದರು.

*

ಹೆಂಗಸರು ಸಮಾಧಿಯವರೆಗೆ ಹೋಗುವುದಿಲ್ಲ. ಕೆಳಗೆ ತ್ರೈನತ್ತೆ ಉಕ್ಕಿದ ಬಿಯರನ್ನು ಬೈಯುತ್ತ ಒರೆಸುತ್ತಿದ್ದಳು. ಹಿಲ್ಲೆ ಟೋಪಿ ಹಿಡಿದು ಅಟ್ಟದ ಕಿಟಕಿಗೆ ಬಂದಳು. ಅಪ್ಪನ ಕೆಲಸದ ಜಾಗ ಅದು. ಖಾಲಿ ದಾರಿಯ ಹಲಗೆ ಕಿಟಕಿಯ ಪಕ್ಕದಲ್ಲೇ ಒರಗಿತ್ತು.

ಹೊರಗೆ ಮೋಡ ಚಾವಣಿಗಳ ಮೇಲೆ ಎತ್ತರಕ್ಕೆ ಎದ್ದಿತ್ತು. ಅದರ ಕೆಳಗೆ ಕಾಲುವೆಯ ದಂಡೆಯಲ್ಲಿ ಕಪ್ಪು ಬಟ್ಟೆಯ ಜನ ಬೆನ್ನು ಹಾಕಿ ನಡೆಯುತ್ತ ಕಿರಿದಾದರು, ಹೆಬ್ಬೆರಳಿನಷ್ಟಾದರು. ಸೇತುವೆಯ ಬಳಿ ಹೆಗಲು ಬದಲಿಸಲು ನಿಂತರು.

ಅಲ್ಲಿ ಟೋಪಿಯಿಲ್ಲದ ಒಬ್ಬ ತಿರುಗಿ ಮನೆಯ ಕಡೆ ನೋಡಿದ. ಚಳಿಗೋ ಭಾರಕ್ಕೋ ಅವನ ಮುಖ ಕೆಂಪಾಗಿತ್ತು. ಇಲ್ಲಿಂದ ಒಂದು ಚುಕ್ಕೆಯಷ್ಟು.