ಸ್ಕೇಲ್ ಸಾಹೇಬರು ಬಿಟ್ಟ ಅಂಗೈಯಗಲ

ನನ್ನ ಭಾವ ಯಾರಾದರೂ ಹಿಂದಿನಿಂದ ಕರೆದರೆ ಕತ್ತು ತಿರುಗಿಸಿ ನೋಡಿದವರಲ್ಲ. ನಿಂತಲ್ಲೇ ನಿಂತು, ಹೆಗಲು ಸೊಂಟ ಮೊಣಕಾಲುಗಳನ್ನೆಲ್ಲ ಒಟ್ಟಿಗೇ ಕರೆದುಕೊಂಡು, ಹಳೇ ಬೀರುವಿನ ಬಾಗಿಲು ತೆರೆದಂತೆ ನಿಧಾನವಾಗಿ ಪೂರ್ತಿ ತಿರುಗುತ್ತಾರೆ. ಕತ್ತಿಗೇನೂ ಕಾಯಿಲೆಯಿಲ್ಲ. ಇಪ್ಪತ್ತೆಂಟು ವರ್ಷ ತಲೆಗೆ ಕೊಡಪಾನದಂಥ ಹೆಲ್ಮೆಟ್ಟು ಬಿಗಿದುಕೊಂಡು ಸಮುದ್ರದಡಿ ಫೋಟೋ ತೆಗೆದವರು ಅವರು. ಅದರೊಳಗೆ ಕತ್ತೊಂದನ್ನೇ ತಿರುಗಿಸಿದರೆ ಕಾಣುವುದು ಹೆಲ್ಮೆಟ್ಟಿನ ಒಳಗೋಡೆ ಮಾತ್ರ. ಹೀಗಾಗಿ ರಸ್ತೆಯಲ್ಲಿ ತರಕಾರಿಯವನು ಕೂಗಿದರೂ ಅವರು ಇಡೀ ಮನುಷ್ಯರಾಗಿ ತಿರುಗುತ್ತಾರೆ. ತರಕಾರಿಯವನಿಗೆ ಗಾಬರಿ, ತಾನೇನೋ ತಪ್ಪು ಮಾಡಿದೆನೇನೋ ಅಂತ.

ನಡಿಗೆಯೂ ಹಾಗೆಯೇ, ನೀರನ್ನು ತಳ್ಳಿಕೊಂಡು ಹೋದ ಹಾಗೆ. ಮೇಲೊಂದು ಬೂದು ಬಣ್ಣದ ಕೋಟು. ಎಂಥ ಸೆಖೆಯಲ್ಲೂ ಅದನ್ನು ಕಳಚುವುದಿಲ್ಲ. ಏಕೆಂದರೆ ಅದರ ಒಳಮಗ್ಗುಲಲ್ಲಿ ನನ್ನ ಅಕ್ಕ ಹೊಲಿದುಕೊಟ್ಟ ಒಂದು ಇಕ್ಕಟ್ಟಾದ ಜೇಬಿದೆ, ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲಿದೆ. ಅದಿಲ್ಲದೆ ಹೊರಗೆ ಹೊರಟರೆ ಅವರಿಗೆ ಚಪ್ಪಲಿ ಮರೆತು ಹೊರಟಂತೆ. ದೋಣಿಯವರೆಲ್ಲ ಸೇರಿ ಅವರಿಗೆ ಸ್ಕೇಲ್ ಸಾಹೇಬರು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ.

ಅವರ ಕಸುಬನ್ನು ಸ್ವಲ್ಪ ಹೇಳಬೇಕು. ದಡದಿಂದ ನಮ್ಮ ದೋಣಿಗೆ ಮೂರು ತಾಸಿನ ದಾರಿಯಲ್ಲಿ, ಕಡಲ ನೆಲದೊಳಗಿನ ಗ್ಯಾಸ್ ತೆಗೆಯಲು ನಿಲ್ಲಿಸಿದ ಉಕ್ಕಿನ ಅಟ್ಟವೊಂದಿದೆ. ಎಂಟು ಕಾಲುಗಳ ಮೇಲೆ ನಿಂತ ಮೂರಂತಸ್ತಿನ ಮನೆಯೆನ್ನಿ; ಮೂವತ್ತೆಂಟು ಜನ ಅಲ್ಲೇ ದುಡಿದು, ಉಂಡು, ಮಲಗುತ್ತಾರೆ. ಕಾಲಿಗೆ ಓರೆ ಕೊಳವೆಗಳು ಬಂದು ಕೂಡುವ ಕಡೆಯೆಲ್ಲ ಬೆಸುಗೆ; ಒಂದರಿಂದ ಅರವತ್ತನಾಲ್ಕರವರೆಗೆ ಒಂದೊಂದಕ್ಕೂ ನಂಬರು. ವರ್ಷಕ್ಕೊಮ್ಮೆ, ಸಮುದ್ರ ತಣ್ಣಗಿರುವ ಎರಡು ತಿಂಗಳಲ್ಲಿ, ಭಾವ ಕೆಳಗಿಳಿದು, ಬೆಸುಗೆಯ ಮೇಲೆ ಬೆಳೆದುದನ್ನೆಲ್ಲ ನೀರಿನ ಗನ್ನು ಹೊಡೆದು ಕಿತ್ತು, ಬರೀ ಕಬ್ಬಿಣ ಹೊಳೆಯುವಂತೆ ಮಾಡಿ, ಪಕ್ಕದಲ್ಲಿ ಸ್ಕೇಲನ್ನೂ ನಂಬರಿನ ಬಿಲ್ಲೆಯನ್ನೂ ಇಟ್ಟು ಫೋಟೋ ತೆಗೆದು, ‘ಪೂರ್ತಿ ನೋಡಿದ್ದೇನೆ, ಬಿರುಕಿಲ್ಲ’ ಎಂದು ಸಹಿ ಹಾಕಿ ಆಫೀಸಿಗೆ ಕೊಡಬೇಕು. ದೋಣಿ ನನ್ನದು. ಇಂಜಿನ್ನು, ಭಾವನಿಗೆ ಉಸಿರು ಹೋಗುವ ಕೊಳವೆ, ಕೆಳಗಿನಿಂದ ಅವರ ಮಾತು ಕೇಳಿಸುವ ಡಬ್ಬಿ, ಮೂರೂ ನನ್ನ ಸುಪರ್ದು.

ಆಫೀಸಿಗೆ ಬೇಕಾದದ್ದು ಕೆರೆದ ಮೇಲಿನ ಫೋಟೋ. ಭಾವ ಕೆರೆಯುವ ಮೊದಲು ಒಂದು ತೆಗೆಯುತ್ತಿದ್ದರು, ಅದು ತಮಗಾಗಿ. ಆ ಫೋಟೋಗಳನ್ನು ನೋಡಿದರೆ ಅದು ಕಬ್ಬಿಣದ ಕಾಲು ಎಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಕೇಸರಿ ಬಣ್ಣದ ಸ್ಪಂಜು, ಬಿಚ್ಚಿದ ಕೊಡೆಯಂಥ ತಲೆಯನ್ನು ನೆರಳು ಬಿದ್ದೊಡನೆ ಒಳಗೆಳೆದುಕೊಳ್ಳುವ ಹುಳು, ಕಪ್ಪು ಚಿಪ್ಪುಗಳ ಗೊಂಚಲು, ಗೊಂಚಲಿನ ಸಂದಿಯಲ್ಲಿ ಕಡಲೆಬೀಜದಷ್ಟು ಏಡಿ, ಹಿಂದೆ ಒಂದೇ ಸಲಕ್ಕೆ ಹೊರಳಿ ಬೆಳ್ಳಿತಟ್ಟೆಯಂತೆ ಹೊಳೆಯುವ ಮೀನಿನ ಹಿಂಡು. “ಕಟ್ಟಿದೋರು ಕಬ್ಬಿಣ ಅಂತ ಕಟ್ಟಿದ್ರು. ಇವರೆಲ್ಲ ಮನೆ ಅಂತ ಬಂದ್ಬಿಟ್ರು ನೋಡು,” ಎನ್ನುತ್ತಿದ್ದರು. ಕೆರೆದ ಜಾಗಕ್ಕೆ ಮರುವರ್ಷ ಹೋದಾಗ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಇಲ್ಲಿ ಮೊದಲು ಬಂದೋರು ಯಾರು?” ಪಾಚಿಯೋ, ಬಿಳಿ ಚಿಪ್ಪೋ, ಸ್ಪಂಜೋ ಎಂಬುದನ್ನು ಹೊಸ ಬಡಾವಣೆಗೆ ಯಾರು ಮೊದಲು ಮನೆ ಕಟ್ಟಿದರು ಎಂದು ವಿಚಾರಿಸುವ ಹಿರಿಯರ ಹಾಗೆ ವಿಚಾರಿಸುತ್ತಿದ್ದರು. ಉತ್ತರ ಸಿಕ್ಕದಿದ್ದರೆ ಆ ದಿನವೆಲ್ಲ ಊಟದಲ್ಲಿ ಮನಸ್ಸಿರುತ್ತಿರಲಿಲ್ಲ.

ಇನ್ನು ಸ್ಕೇಲಿನ ವಿಚಾರ. ಅಕ್ಕನ ಮನೆಯ ಆಲ್ಬಮ್ಮಿನಲ್ಲಿ ಸ್ಕೇಲಿಲ್ಲದ ಫೋಟೋ ಇಲ್ಲ. ಹುಟ್ಟಿದ ನಾಲ್ಕನೇ ದಿನದ ಮಗಳು, ಪಕ್ಕದಲ್ಲಿ ಸ್ಕೇಲು. ಮೊದಲ ಹಲ್ಲು, ಸ್ಕೇಲು. ಮದುವೆಯಾದ ಹೊಸದರಲ್ಲಿ ಅಕ್ಕನ ಜಡೆಯ ಪಕ್ಕದಲ್ಲೂ ಅದನ್ನಿಟ್ಟು ಒಂದು ತೆಗೆದಿದ್ದಾರೆ. ಸ್ಕೇಲು ಸಾಲದೆ ನಾಲ್ಕು ಸಲ ಸರಿಸಿ ನಾಲ್ಕು ಫೋಟೋ ತೆಗೆಯಬೇಕಾಯಿತೆಂದು ಅಕ್ಕ ಇಂದಿಗೂ ಜಂಬ ಕೊಚ್ಚಿಕೊಳ್ಳುತ್ತಾಳೆ. ಯಾರಾದರೂ ನಕ್ಕರೆ ಭಾವನದು ಒಂದೇ ಪಾಠ: “ಸ್ಕೇಲು ಪಕ್ಕದಲ್ಲಿರಬೇಕು, ಮೇಲಿರಬಾರದು. ಪಕ್ಕದಲ್ಲಿಟ್ರೆ ಅಳತೆ, ಮೇಲಿಟ್ರೆ ಮುಚ್ಚಳ.” ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಇಂಜಿನ್ನಿನ ಬೋಲ್ಟು ಬಿಚ್ಚುವಾಗಲೂ ಸ್ಪ್ಯಾನರನ್ನು ಪಕ್ಕದಲ್ಲಿಟ್ಟೇ ಯೋಚಿಸುವ ಅಭ್ಯಾಸವಾಗಿಹೋಗಿದೆ.

ಅಟ್ಟದ ಮೇಲೆ ಒಬ್ಬ ಅಡುಗೆಯವರಿದ್ದಾರೆ, ವಯಸ್ಸಾದವರು. ನಮ್ಮ ದೋಣಿ ಕಾಲಿನ ಬಳಿ ನಿಂತೊಡನೆ ಹಗ್ಗಕ್ಕೆ ಬುಟ್ಟಿ ಕಟ್ಟಿ ಚಹದ ಫ್ಲಾಸ್ಕು ಇಳಿಸುತ್ತಾರೆ, ಇಳಿಸುತ್ತಾ ಕಂಬಿಗೆ ಎದೆಯೊತ್ತಿ ಬಗ್ಗಿ ಕೂಗುತ್ತಾರೆ: “ಸ್ಕೇಲ್ ಸಾಹೇಬ್ರೇ, ನಮ್ಮ ಮನೆ ಗಟ್ಟಿ ಇದೆಯಾ?” ಮೊದಲೆಲ್ಲ ಭಾವ ಇಡೀ ಮೈ ಹಿಂದಕ್ಕೆ ವಾಲಿಸಿ, “ಗಟ್ಟಿ ಇದೆ!” ಎಂದು ಕೂಗುತ್ತಿದ್ದರು. ಆಮೇಲಾಮೇಲೆ, “ನೋಡ್ತಾ ಇದೀನಿ!” ಎನ್ನತೊಡಗಿದರು. ವಯಸ್ಸಾಯಿತು, ಉತ್ತರವೂ ಉದ್ದವಾಯಿತು ಎಂದುಕೊಂಡೆನೇ ಹೊರತು ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ವರ್ಷ ಕೆಲಸದ ನಡುವೆ ನಾಲ್ಕು ದಿನ ಅಲೆ ಹೆಚ್ಚಾಗಿ ದಡದಲ್ಲೇ ಉಳಿದೆವು. ಅಕ್ಕ ಮನೆಗೆ ಸುಣ್ಣ ಬಳಿಸುವ ಸಂಕಲ್ಪ ಮಾಡಿ, ಬಳಿಯುವವರು ಬರುವ ಮೊದಲು ಭಾವನ ಕೋಣೆ ಖಾಲಿ ಮಾಡಲು ನನ್ನನ್ನು ಕರೆಸಿದಳು. ಬಿಸ್ಕತ್ತಿನ ಡಬ್ಬಿಗಳ ತುಂಬ ಫೋಟೋ; ಒಂದೊಂದು ಬೆಸುಗೆಗೆ ಒಂದೊಂದು ಕಟ್ಟು, ಕೆರೆಯುವ ಮೊದಲಿನದರ ಹಿಂದೆ ಕೆರೆದ ಮೇಲಿನದನ್ನು ಪಿನ್ನು ಚುಚ್ಚಿ ಇಟ್ಟಿದ್ದರು. ನಲವತ್ತೊಂದರ ಕಟ್ಟು ಕೈಜಾರಿ ನೆಲದ ಮೇಲೆ ಹರಡಿತು. ಬಗ್ಗಿ ಆಯುತ್ತಿದ್ದವನು ಹಾಗೇ ಕುಕ್ಕರುಗಾಲಿನಲ್ಲಿ ಕೂತೆ. ಹಳೆಯ ಫೋಟೋಗಳಲ್ಲಿ ಸ್ಕೇಲು ಬೆಸುಗೆಯ ಪಕ್ಕದಲ್ಲಿತ್ತು. ಈಚಿನ ಆರರಲ್ಲಿ ಬೆಸುಗೆಯ ಮೇಲಿತ್ತು. ಸ್ಕೇಲೂ ನಂಬರಿನ ಬಿಲ್ಲೆಯೂ ಅಂಟಿಕೊಂಡು, ಆರು ವರ್ಷವೂ ಅದೇ ಜಾಗದಲ್ಲಿ, ಒಂದು ಅಂಗೈಯಗಲವನ್ನು ಮುಚ್ಚಿದ್ದವು.

“ಭಾವಾ, ಇದೇನಿದು?”

“ನಲವತ್ತೊಂದು.”

“ನಂಬರ್ ಓದೋಕೆ ನಂಗೂ ಬರುತ್ತೆ. ಸ್ಕೇಲು ಎಲ್ಲಿದೆ?”

ಅವರು ಕಿಟಕಿಯ ಕಡೆಯಿಂದ ಪೂರ್ತಿ ತಿರುಗಿದರು. “ಮೇಲಿದೆ,” ಅಂದರು.

“ಕೆಳಗೇನಿದೆ?”

“ಮನೆ ಇದೆ.”

ನನಗೆ ಸಿಟ್ಟು ಬಂದರೆ ಕಾಲು ಮೊದಲು, ಮಾತು ಆಮೇಲೆ. ಸುಣ್ಣದ ಬಕೆಟ್ಟಿಗೆ ಒದ್ದೆ. ಅದು ಉರುಳಿ ಕೋಣೆಯೆಲ್ಲ ಬಿಳಿಯಾಯಿತು. ಅಡುಗೆಮನೆಯಿಂದ ಓಡಿಬಂದ ಅಕ್ಕ ಒಂದು ಚಿಂದಿ ಬಟ್ಟೆಯನ್ನು ನನ್ನ ಮುಖದ ಮೇಲೆಸೆದು, “ಜಗಳ ಆಮೇಲಾಡೋ, ಮೊದಲು ಒರೆಸು!” ಎಂದಳು. ಹೀಗಾಗಿ ನನ್ನ ಜೀವನದ ಅತಿ ದೊಡ್ಡ ಜಗಳವನ್ನು ನಾನು ನೆಲ ಒರೆಸುತ್ತಾ, ಮಂಡಿಯೂರಿ ಆಡಬೇಕಾಯಿತು.

ಆರು ವರ್ಷದ ಹಿಂದೆ ನಲವತ್ತೊಂದನ್ನು ಕೆರೆಯುವಾಗ, ಖಾಲಿ ಬಿಳಿ ಚಿಪ್ಪೊಂದರ ಬಾಯಲ್ಲಿ ಒಂದು ಮುಖ ಕಂಡಿತಂತೆ. ಕಿರುಬೆರಳಿನಷ್ಟು ಮೀನು, ಕಣ್ಣಿನ ಮೇಲೆ ಹುಬ್ಬಿನಂಥ ಎರಡು ಜುಟ್ಟು. ಗನ್ನು ಹಿಡಿದವನನ್ನು ನೋಡಿ ಅದು ಓಡಲಿಲ್ಲ. ಹುಬ್ಬು ಹಾರಿಸಿ ನೋಡಿತು. “ಬಾಡಿಗೆ ಕೇಳೋಕೆ ಬಂದವನನ್ನ ನೋಡಿದ ಹಾಗೆ ನೋಡ್ತು ಕಣಯ್ಯಾ.” ಭಾವ ಆ ಅಂಗೈಯಗಲವನ್ನು ಬಿಟ್ಟರು. ಬರುವ ವರ್ಷ ಕೆರೆದರಾಯಿತು ಎಂದುಕೊಂಡರು. ಬರುವ ವರ್ಷವೂ ಆ ಮುಖ ಇತ್ತು. ಅದೇ ಮೀನೋ, ಅದರ ಮಗನೋ ಮೊಮ್ಮಗನೋ ಯಾರು ಬಲ್ಲರು, ಮನೆಯಂತೂ ಅದೇ.

“ಉಳಿದ ಬೆಸುಗೆಯೆಲ್ಲ ಗಟ್ಟಿ ಇದೆ ಭಾಮೈದ. ಅಂಗೈಯಗಲದಲ್ಲಿ ಏನಾಗತ್ತೆ?”

“ಹಲ್ಲು ಹುಳುಕಾಗೋದೂ ಬ್ರಷ್ ಹೋಗದೇ ಇರೋ ಕಡೇನೇ! ಮೇಲೆ ಮೂವತ್ತೆಂಟು ಜನ ಮಲಗ್ತಾರೆ! ನಿಮಗೆ ಒಂದು ಮೀನಿನ ಹುಬ್ಬು ಹೆಚ್ಚಾಯ್ತಾ?”

ಭಾವ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಬಾಗಿಲಿಗೊರಗಿ ನಿಂತಿದ್ದ ಅಕ್ಕ, ಧ್ವನಿ ಏರಿಸದೆಯೇ ಕೇಳಿದಳು. “ರೀ, ಆ ಅಡುಗೆಯವರು ಮನೆ ಗಟ್ಟಿ ಇದೆಯಾ ಅಂತ ಕೇಳಿದ್ರೆ ಏನಂತೀರಿ?”

“ನೋಡ್ತಾ ಇದೀನಿ ಅಂತೀನಿ.”

“ನೋಡಿದೀರಾ?”

ನಾನು ಅಷ್ಟು ಹೊತ್ತು ಕೂಗಾಡಿ ಮಾಡಲಾಗದ್ದನ್ನು ಆ ಒಂದು ಮಾತು ಮಾಡಿತು. ಭಾವ ಕೋಟಿನ ಒಳಜೇಬಿಗೆ ಕೈಹಾಕಿದರು, ಸ್ಕೇಲನ್ನು ತೆಗೆಯಲಿಲ್ಲ, ಕೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು.

ಅಲೆ ಇಳಿದ ದಿನ ಬೆಳಿಗ್ಗೆ ನಲವತ್ತೊಂದಕ್ಕೇ ಇಳಿದರು. ಹದಿನೆಂಟು ಮೀಟರು. ಆ ಆಳದಲ್ಲಿ ಅವರಿಗೆ ಒಂದು ಗಂಟೆಯ ಲೆಕ್ಕ. ಮೀರಿದರೆ ಮೈಗೆ ಅಪಾಯ. ಡಬ್ಬಿಯಲ್ಲಿ ಉಸಿರಿನ ಸದ್ದು ಬರುತ್ತಿತ್ತು, ಗನ್ನಿನ ಸದ್ದು ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು, ಮೂವತ್ತು.

“ಏನ್ ಮಾಡ್ತಾ ಇದೀರಿ ಭಾವಾ?”

“ಟಾರ್ಚ್ ಹಾಕಿ ನೋಡಿದೆ, ಒಳಗೆ ಮೊಟ್ಟೆ ಇಲ್ಲ. ಅವನೊಬ್ಬನೇ. ಮನೆ ಖಾಲಿ ಮಾಡ್ಲಿ ಅಂತ ಕಾಯ್ತಿದೀನಿ.”

“ನೋಟೀಸ್ ಕೊಟ್ಟಿದೀರಾ ಅವನಿಗೆ? ಟೈಮ್ ಆಗ್ತಿದೆ, ಹೊಡೀರಿ!”

ನಲವತ್ತನೇ ನಿಮಿಷಕ್ಕೆ ಉಸಿರು ಒಂದು ಕ್ಷಣ ನಿಂತಿತು. “ಹೊರಗೆ ಬಂದ,” ಎಂಬ ಮಾತು, ಅದರ ಹಿಂದೆಯೇ ಗನ್ನಿನ ಅಬ್ಬರ. ಆಮೇಲೆ ಗನ್ನು ನಿಂತಿತು. ನಾನು ಡಬ್ಬಿಯ ಸದ್ದನ್ನು ಪೂರ್ತಿ ಏರಿಸಿ ಕಿವಿಗೊಟ್ಟೆ. ಕಡೆಗೆ ಧ್ವನಿ ಬಂತು. “ಬಿರುಕಿಲ್ಲ. ಕೂದಲೆಳೆಯಷ್ಟೂ ಇಲ್ಲ.”

ಮೇಲೆ ಬಂದು ಹೆಲ್ಮೆಟ್ಟು ಕಳಚಿದಾಗ ನಾನು ಮೀನಿನ ಗತಿ ಕೇಳಿದೆ. ಕಬ್ಬಿಣದಿಂದ ಎದ್ದ ಕೆಸರಿನಲ್ಲಿ ಅದು ಯಾವ ಕಡೆ ಹೋಯಿತೆಂದು ಕಾಣಲಿಲ್ಲವಂತೆ. ಎಲ್ಲವನ್ನೂ ನೋಡುವ ಮನುಷ್ಯ ಅದೊಂದನ್ನು ನೋಡಲಿಲ್ಲ. ಬುಟ್ಟಿ ಇಳಿಯಿತು, ಎಂದಿನ ಪ್ರಶ್ನೆಯೂ ಇಳಿಯಿತು. ಭಾವ ಹಿಂದಕ್ಕೆ ವಾಲಿ, “ಗಟ್ಟಿ ಇದೆ!” ಎಂದು ಕೂಗಿದರು. “ಅಂತೂ ನೋಡಿ ಮುಗೀತಾ?” ಎಂದು ಅಡುಗೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು, ಮುಗಿಸಬಾರದೇ ಆ ಮನುಷ್ಯ! ಆ ವಾರವೇ ಆಫೀಸಿಗೆ ಏಳು ಫೋಟೋ ಕಳಿಸಿದರು. ಆರು ಹಳೆಯವು, ಸ್ಕೇಲು ಮುಚ್ಚಿದ ಜಾಗಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ. ಒಂದು ಹೊಸದು, ಸ್ಕೇಲು ಪಕ್ಕದಲ್ಲಿಟ್ಟು. ಆಫೀಸಿನ ಮೇಡಂ ಕರೆಸಿ ಕೂರಿಸಿ ಮರ್ಯಾದೆಯಾಗಿಯೇ ಮಾತಾಡಿದರಂತೆ: “ನಿಮ್ಮ ಫೋಟೋ ಬಗ್ಗೆ ನಮಗೆ ಗೌರವ ಇದೆ. ನಿಮ್ಮ ಸಹಿ ಮಾತ್ರ ಇನ್ನು ಬೇಡ.” ಸಹಿ ಇಲ್ಲದವನು ಆ ಕೆಲಸಕ್ಕೆ ಇಳಿಯುವಂತಿಲ್ಲ. ಇಪ್ಪತ್ತೆಂಟು ವರ್ಷ ಒಂದು ಮಾತಿನಲ್ಲಿ ದಡಕ್ಕೆ ಬಂತು.

ನಾನು ಅವರ ಮನೆಗೆ ಹೋಗಿ ಬಾಗಿಲಲ್ಲೇ ಹಾರಾಡಿದೆ. “ಬೆಸುಗೆ ಗಟ್ಟಿ ಇತ್ತಲ್ಲ ಭಾವಾ! ಯಾರಿಗೆ ಗೊತ್ತಾಗ್ತಿತ್ತು?”

“ಗಟ್ಟಿ ಇದೆ ಅಂತ ನನಗೆ ಗೊತ್ತಾಗಿದ್ದು ಈ ವರ್ಷ,” ಎಂದರು ಭಾವ. “ಬರೆದುಕೊಟ್ಟಿದ್ದು ಆರು ವರ್ಷದಿಂದ.”

ಅಕ್ಕ ಒಳಗಿನಿಂದ, “ಬಕೆಟ್ ಇಲ್ಲೇ ಇದೆ, ಒದೀತೀಯಾ?” ಎಂದು ಕೇಳಿದಳು.

ಈಗಲೂ ಭಾವ ನಮ್ಮ ದೋಣಿಗೆ ಬರುತ್ತಾರೆ. ಅವರ ಜಾಗಕ್ಕೆ ಬಂದ ಹುಡುಗಿ ಚುರುಕು; ಅವಳು ಇಳಿಯುತ್ತಾಳೆ, ಭಾವ ಬೂದು ಕೋಟು ತೊಟ್ಟು ಅವಳ ಉಸಿರಿನ ಕೊಳವೆ ಹಿಡಿಯುತ್ತಾರೆ. ಕಳೆದ ವರ್ಷ ನಲವತ್ತೊಂದಕ್ಕೆ ತಲುಪಿದಳೆಂದು ತಿಳಿದೊಡನೆ ನನ್ನನ್ನು ಪಕ್ಕಕ್ಕೆ ಸರಿಸಿ ಡಬ್ಬಿಗೆ ಬಾಯಿಟ್ಟರು. “ಅಮ್ಮಾ, ಕೆರೆಯೋದಕ್ಕೆ ಮುಂಚೆ ಹೇಳು. ಮೊದಲು ಬಂದೋರು ಯಾರು?”

“ಪಾಚಿ ಇದೆ ಸಾರ್. ನಾಲ್ಕೈದು ಬಿಳಿ ಚಿಪ್ಪಿದೆ, ಚಿಕ್ಕವು.”

“ಖಾಲಿಯೋ, ಒಳಗೆ ಜೀವ ಇದೆಯೋ?”

“ಜೀವ ಇದೆ ಸಾರ್. ಕೈ ಆಡಿಸ್ತಾ ಇವೆ.”

ಭಾವನ ಮುಖ ನೋಡಬೇಕಿತ್ತು. ಮೊಮ್ಮಗುವಿನ ಹಲ್ಲಿನ ಸುದ್ದಿ ಬಂದಂತೆ. ಚಿಪ್ಪಿನೊಳಗಿನ ಜೀವ ಬದುಕಿ, ಬೆಳೆದು, ಸತ್ತು, ಚಿಪ್ಪು ಖಾಲಿಯಾದ ಮೇಲಲ್ಲವೇ ಹುಬ್ಬಿನವನಿಗೆ ಮನೆ? ಅದಕ್ಕೆಷ್ಟು ವರ್ಷ ಬೇಕೋ ಎಂದು ಬೆರಳೆಣಿಸಿದರು. ಆಮೇಲೆ ಕಣ್ಣು ಮುಚ್ಚಿ, ಡಬ್ಬಿಗೆ ಹೇಳಿದರು: “ಫೋಟೋ ತಗೊಂಡ್ಯಾ? ಸರಿ. ಈಗ ಕೆರೆ. ಪೂರ್ತಿ ಕೆರೆ.”

ನೋಡುವುದನ್ನೇ ಕಸುಬು ಮಾಡಿಕೊಂಡವರ ಜಾತಿಯೇ ಬೇರೆ ಎಂದು ನನಗೀಗ ಅನಿಸುತ್ತದೆ. ನಾವು ಉಳಿದವರು ಬೇಕಾದದ್ದನ್ನು ನೋಡಿ, ಬೇಡದ್ದನ್ನು ದಾಟಿ, ರಾತ್ರಿ ಸುಖವಾಗಿ ನಿದ್ದೆ ಮಾಡುತ್ತೇವೆ. ಇವರು ಯಾವುದನ್ನು ಬಹಳ ಹೊತ್ತು ನೋಡುತ್ತಾರೋ ಅದರ ಮೋಹಕ್ಕೆ ಬೀಳುತ್ತಾರೆ. ಮೋಹಕ್ಕೆ ಬಿದ್ದ ಕಡೆ ಅವರ ಕೈಯೂ ನಮ್ಮ ಕೈಯ ಹಾಗೆಯೇ ಮುಚ್ಚಳ ಇಡುತ್ತದೆ. ಆದರೆ ಮುಚ್ಚಿದ ಆ ಅಂಗೈಯಗಲ ಅವರನ್ನು ಬಿಡುವುದಿಲ್ಲ. ಮೇಲಿನಿಂದ ಯಾರೋ ಸಲುಗೆಯಿಂದ ‘ಗಟ್ಟಿ ಇದೆಯಾ’ ಎಂದು ಕೇಳಿದರೂ, ಇದೆ ಎಂಬ ಸಣ್ಣ ಮಾತಿನ ಬದಲು ‘ನೋಡ್ತಾ ಇದೀನಿ’ ಎಂಬ ಉದ್ದದ ಮಾತು ಹೊರಡುತ್ತದೆ. ಒಂದು ದಿನ ಅವರು ಇಡೀ ಮನುಷ್ಯರಾಗಿ ಆ ಕಡೆ ತಿರುಗಲೇಬೇಕಾಗುತ್ತದೆ. ಕತ್ತೊಂದನ್ನೇ ತಿರುಗಿಸಿ ನೋಡಿ ಮುಂದೆ ಹೋಗುವ ವಿದ್ಯೆ ಅವರಿಗೆ ಯಾರೂ ಕಲಿಸಿಲ್ಲ.