ಕುಡಿಯದವನ ತೂರಾಟ

"ನಾನು ಹರಸೋದಿಲ್ಲ. ಹಿಂದಕ್ಕೆ ತಿರುಗಿಸು ಕುರ್ಚೀನ," ಎಂದು ಮುದುಕಿ ದೊಮಿತಿಲಾ ಮಗನ ಶವಪೆಟ್ಟಿಗೆಯಿಂದ ಮುಖ ತಿರುಗಿಸಿದಳು.

ಗಾಲಿಕುರ್ಚಿ ತಳ್ಳುತ್ತಿದ್ದ ಸೊಸೆ ಎವೆಲಿಯಾ ಅಲ್ಲೇ ನಿಂತಳು. "ಅತ್ತೆ, ಇವತ್ತೊಂದಿನ ಸಿಟ್ಟು ಬಿಡಿ. ಇನ್ನು ಸ್ವಲ್ಪ ಹೊತ್ತಿಗೆ ಮುಚ್ಚಿಬಿಡ್ತಾರೆ."

"ಅಪ್ಪನ ಹಾಗೇ ಮಗ. ಲಿವರ್ ಹೋಗಿ ಸತ್ತ ಅಂತ ಆಸ್ಪತ್ರೆಯವರೇ ಹೇಳಿದಾರೆ. ಕುಡಿಯಲ್ಲ ಅಂತ ಮಾತೆ ಮರಿಯಳ ಮುಂದೆ ಆಣೆ ಇಟ್ಟಿದ್ದ, ನನ್ನ ಕೈ ಹಿಡ್ಕೊಂಡು."

ಹಿಂದಿನ ಬೆಂಚಿನಲ್ಲಿ, ಸತ್ತ ನಿಕಾನೊರ್‌ನ ಗೆಳೆಯ ಚೆಮಾ ಪಕ್ಕದವನಿಗೆ ಪಿಸುಗುಟ್ಟುತ್ತಿದ್ದ: "ಕುಡುಕರು ನಾವೆಲ್ಲ ಗುಂಡುಕಲ್ಲಿನ ಹಾಗಿದೀವಿ, ಸೋಡಾ ಕುಡಿದವನು ಹೋದ. ಕದ್ದು ಹಾಕ್ತಿದ್ನೇನೋ, ಪಾಪ."

ಟೆಕ್ಸಸ್ ಗಡಿಯ ಆ ಸಣ್ಣ ಊರಿನ ಚರ್ಚಿನಲ್ಲಿ ಪಿಸುಮಾತು ಎಲ್ಲರಿಗೂ ಕೇಳಿಸುತ್ತದೆ. ಎವೆಲಿಯಾಳಿಗೂ ಕೇಳಿಸಿತು.

*

ಕುಡಿದು ಕುಡಿದು ಸತ್ತ ಅಪ್ಪನನ್ನು ಮಣ್ಣುಮಾಡಿದ ದಿನವೇ ನಿಕಾನೊರ್ ಆಣೆ ಇಟ್ಟಿದ್ದ. ಆಮೇಲೆ ಯಾರ ಹಿತ್ತಲಲ್ಲಿ ಮಾಂಸ ಸುಟ್ಟರೂ, ಗೆಳೆಯರು ಬಿಯರ್ ಹಿಡಿದರೆ ಅವನು ಸಕ್ಕರೆ ತುಂಬಿದ ಕೆಂಪು ಸೋಡಾ ಹಿಡಿಯುತ್ತಿದ್ದ, ಅದೂ ಅವರಿಗೆ ಸರಿಸಮನಾಗಿ. ಎವೆಲಿಯಾಳೇ ಹೆಮ್ಮೆಯಿಂದ ಫ್ರಿಜ್ಜಿನ ತುಂಬ ಜೋಡಿಸಿಡುತ್ತಿದ್ದಳು. ಹೊಟ್ಟೆ ಬಂತು, ಸಕ್ಕರೆ ಕಾಯಿಲೆ ಬಂತು. ಬೇರಾವುದಕ್ಕೋ ಸ್ಕ್ಯಾನ್ ಮಾಡಿದ ಡಾಕ್ಟರು, "ಲಿವರ್‌ನಲ್ಲಿ ಕೊಬ್ಬು ಸೇರಿದೆ. ತೂಕ ಇಳಿಸಿ, ಸಿಹಿ ಬಿಡಿ. ಈಗಾದರೆ ಸರಿಹೋಗುತ್ತೆ," ಎಂದರು.

"ನಂಗೆ ಕೊಬ್ಬು ಅಂತ ಅಮ್ಮ ಯಾವತ್ತೋ ಹೇಳಿದ್ಲು. ಈ ಡಾಕ್ಟರಿಗೆ ಈಗ ಗೊತ್ತಾಯ್ತು ನೋಡು," ಎಂದು ಅವನು ಕಾರಿನಲ್ಲಿ ನಕ್ಕ. ಅವಳೂ ನಕ್ಕಳು. ನೋವಿಲ್ಲ, ಜ್ವರವಿಲ್ಲ. ನೋಯದ್ದನ್ನು ಕಾಯಿಲೆ ಅನ್ನುವವರು ಯಾರು?

ವರ್ಷಗಟ್ಟಲೆ ಅದು ಸದ್ದಿಲ್ಲದೆ ತನ್ನ ಕೆಲಸ ಮಾಡಿತು. ಕೊಬ್ಬು ತುಂಬಿದ ಲಿವರ್ ಊದಿಕೊಂಡಿತು. ಊದಿದ್ದು ಮಾಯುವಾಗ ಕಲೆ ಕಟ್ಟಿತು, ಕಲೆಯ ಮೇಲೆ ಕಲೆ ಬಿದ್ದು ಗಡುಸಾಯಿತು. ಕಣ್ಣು ಹಳದಿಯಾಗಿ ಹೊಟ್ಟೆಯಲ್ಲಿ ನೀರು ತುಂಬುವ ಹೊತ್ತಿಗೆ ಕಾಲ ಮಿಂಚಿತ್ತು.

"ಅಮ್ಮಂಗೆ ಹೇಳಬೇಡ. ಲಿವರ್ ಅಂದ್ರೆ ಅವಳಿಗೆ ಅಪ್ಪನೇ ಕಣ್ಮುಂದೆ ಬರ್ತಾನೆ," ಎಂದಿದ್ದ. ಎವೆಲಿಯಾ ಹೇಳಲಿಲ್ಲ.

*

"ಅವರು ಒಂದು ತೊಟ್ಟೂ ಮುಟ್ಟಿರಲಿಲ್ಲ, ಅತ್ತೆ."

"ಅಮ್ಮಂದಿರ ದಿನ ನನ್ನ ಬಾಗಿಲಿಗೆ ಬಂದಿದ್ನಲ್ಲೇ. ತೂರಾಡ್ತಿದ್ದ, ನಾಲಿಗೆ ತೊದಲ್ತಿತ್ತು, ಬಾಯಲ್ಲಿ ಏನೋ ಕೊಳೆತ ಸಿಹಿ ವಾಸನೆ. ಕುಡುಕನ ಜೊತೆ ಬಾಳಿದವಳು ನಾನು, ನಂಗೆ ಗೊತ್ತಾಗಲ್ವಾ? ಇಳಿದ ಮೇಲೆ ಬಾ ಅಂತ ಬಾಗಿಲು ಹಾಕ್ದೆ."

ಇದು ಎವೆಲಿಯಾಳಿಗೆ ಗೊತ್ತಿರಲಿಲ್ಲ. ಆ ದಿನ ಮನೆಗೆ ಬಂದ ನಿಕಾನೊರ್, ಅಮ್ಮ ಮನೆಯಲ್ಲಿರಲಿಲ್ಲ ಎಂದಿದ್ದ.

"ಲಿವರ್ ಪೂರ್ತಿ ಕೆಟ್ರೆ ಮೈಯೊಳಗಿನ ವಿಷ ತಲೆಗೇರುತ್ತೆ, ಅತ್ತೆ. ತೂರಾಟ, ತೊದಲು, ಆ ವಾಸನೆ, ಎಲ್ಲಾ ಅದರದ್ದೇ. ಕೊನೆಗೆ ನನ್ನ ಹೆಸರೂ ಮರೆತಿದ್ರು. ಕುಡೀದೇ ಇರೋರಿಗೂ ಬರುತ್ತೆ. ಕೊಬ್ಬಿಂದ ಶುರುವಾಗಿ..." ಅವಳು ಅತ್ತೆಯ ಕೈ ಹಿಡಿದಳು. "ನಾನು ನಿಮಗೆ ಹೇಳಬೇಕಿತ್ತು."

ದೊಮಿತಿಲಾ ಪೆಟ್ಟಿಗೆಯ ಕಡೆ ತಿರುಗಿದಳು.

"ಬಾಗಿಲಲ್ಲಿ ತಲೆ ಬಗ್ಗಿಸ್ದ ಕಣೇ," ಎಂದಳು. "ಬೀಳ್ತಿದಾನೆ ಅಂದ್ಕೊಂಡೆ. ಹರಸು ಅಂತ ಬಗ್ಗಿಸಿದ್ನೇನೇ?"

ಎವೆಲಿಯಾ ಅಳುತ್ತಿದ್ದಳು. ಕುರ್ಚಿಯನ್ನು ಪೆಟ್ಟಿಗೆಯ ಪಕ್ಕಕ್ಕೆ ತಳ್ಳಿದಳು.

ಮುಚ್ಚಳ ಹಾಕುವವನು ಬಂದ. ಮುದುಕಿ ಅವನಿಗೆ ಕೈ ಅಡ್ಡ ಹಿಡಿದು, ಪೆಟ್ಟಿಗೆಯ ಅಂಚು ಹಿಡಿದು ಎದ್ದಳು. ಹೆಬ್ಬೆರಳಿನಿಂದ ಮಗನ ಹಣೆಯ ಮೇಲೆ ಶಿಲುಬೆ ಬರೆದಳು. ಹರಸಿದ ತಾಯಿಯ ಬೆರಳಿಗೆ ಮಕ್ಕಳು ಮುತ್ತಿಡುವುದು ಅವರಲ್ಲಿ ವಾಡಿಕೆ. ಅವಳು ಆ ಬೆರಳನ್ನು ಮಗನ ತುಟಿಗೆ ಒಡ್ಡಿ ಕಾದಳು. ಮುಚ್ಚಳದವನೂ ಕಾದ. ಅವಳು ಬೆರಳು ತೆಗೆಯಲಿಲ್ಲ.